ಏನೂ ತಿಂದಿಲ್ಲವೇ?

"ಇಂಟರ್ನ್ ಅಂದ್ರ ಅರ್ಧ ಟಿಕೆಟ್ ಇದ್ದಂಗ. ಸೀಟ್ ಕೇಳಬಾರದು!"

ಮೊದಲ ದಿನವೇ ಟೀಮ್ ಲೀಡ್ ಶ್ರೀಶೈಲ ಬಾಗೇವಾಡಿ ಹೀಗೆ ಅಂದಿದ್ದರು. ಇಡೀ ಆಫೀಸು ನಕ್ಕಿತ್ತು...

ದಾನೇಶ್ವರಿ ನಗಲಿಲ್ಲ.

ಎಂಜಿನಿಯರಿಂಗ್ ಕೊನೆಯ ಸೆಮಿಸ್ಟರ್‌ನಲ್ಲಿ ಅವಳು ಹುಬ್ಬಳ್ಳಿಯ ಆ ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಇಂಟರ್ನ್‌ಶಿಪ್‌ಗೆ ಬಂದಿದ್ದಳು. ಗೆಳತಿಯರು ಎಲ್ಲಿಗೂ ಹೋಗದೆ ಸರ್ಟಿಫಿಕೇಟ್ ತರಿಸಿಕೊಂಡು ಆರಾಮಾಗಿದ್ದರು. ಇವಳಿಗೆ ಬೇಕಾಗಿದ್ದು ಕೆಲಸ.

ಇಂಟರ್ನ್‌ಗಳಲ್ಲಿ ಒಬ್ಬರನ್ನು ಮಾತ್ರ ಕಂಪನಿ ಉಳಿಸಿಕೊಳ್ಳುತ್ತಿತ್ತು. ಯಾರನ್ನು ಎಂಬುದು ಶ್ರೀಶೈಲರ ಕೈಯಲ್ಲಿತ್ತು...

ಕಂಪನಿ ಒಂದು ರಕ್ತಪರೀಕ್ಷೆಯ ಲ್ಯಾಬ್‌ಗೆ ಮಾತನಾಡುವ ಟೋಕನ್ ಮಷಿನ್ ಮಾಡಿಕೊಟ್ಟಿತ್ತು. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಟೋಕನ್. ತಿಂದು ಬಂದವರಿಗೆ "ನಾಳೆ ಬನ್ನಿ".

ಅದರ ಇಂಗ್ಲಿಷ್ ಪ್ರಶ್ನೆಗಳನ್ನು ಕನ್ನಡಕ್ಕೆ ತಂದವಳು ದಾನೇಶ್ವರಿ.

ವಾರ ತುಂಬುವ ಮೊದಲೇ ಲ್ಯಾಬ್‌ನಿಂದ ಸಿಟ್ಟಿನ ಫೋನ್ ಬಂತು. ಉಪವಾಸ ಬಂದವರನ್ನೂ ಮಷಿನ್ ವಾಪಸ್ ಕಳಿಸುತ್ತಿದೆಯಂತೆ!

"ಮಂದಿ ತಿಂದು ಬಂದು ಸುಳ್ಳು ಹೇಳ್ತಿರಬೇಕ್ರಿ ಸರ್" ಎಂದಳು ದಾನೇಶ್ವರಿ.

"ಹಂಗಾರ ನಾಳೆ ಮುಂಜಾನೆ ಹೋಗಿ ಮಷಿನ್ ಬಾಜೂಕ ನಿಂತು ಬೈಸ್ಕೊ. ತಪ್ಪು ಸಿಗೂತನಕ ಆಫೀಸಿಗೆ ಕಾಲಿಡಬ್ಯಾಡ!"

ಕೆಲಸ ಕೈತಪ್ಪಿತು ಎಂದು ಅವಳಿಗೆ ಆಗಲೇ ಅನಿಸಿತು...

ಮರುದಿನ ಲ್ಯಾಬ್‌ನಲ್ಲಿ ಉದ್ದ ಸಾಲು. ಮುಂದೆ ನಿಂತಿದ್ದ ಮುದುಕಿಯನ್ನು ಮಷಿನ್ ಕೇಳಿತು: "ಬೆಳಗ್ಗೆಯಿಂದ ಏನೂ ತಿಂದಿಲ್ಲವೇ? ಹೌದಾದರೆ ಹಸಿರು, ಇಲ್ಲವಾದರೆ ಕೆಂಪು ಗುಂಡಿ ಒತ್ತಿ."

ಮುದುಕಿ ಕೆಂಪು ಒತ್ತಿದಳು.

"ನಾಳೆ ಬನ್ನಿ."

"ಇದರ ಬಾಯಾಗ ಮಣ್ಣು ಹಾಕ! ನಿನ್ನೆನೂ ಹಿಂಗ ಹೊಳ್ಳಿ ಕಳಿಸೈತಿ!" ಮುದುಕಿ ಮಷಿನ್‌ಗೆ ಒಂದು ಏಟು ಕೊಟ್ಟಳು.

ದಾನೇಶ್ವರಿಗೆ ರೇಗಿತು. "ಅಜ್ಜಿ, ತಿಂದು ಬಂದು ಮಷಿನ್ ಮ್ಯಾಲ ಯಾಕ ಸಿಟ್ಟು ಮಾಡ್ತೀರಿ?"

"ಏನಂದಿ?" ಮುದುಕಿ ತಿರುಗಿ ನಿಂತಳು. "ಈ ಫಕೀರವ್ವ ಒಂದ್ ರೊಟ್ಟಿ ಸಲುವಾಗಿ ಸುಳ್ಳು ಹೇಳ್ತಾಳೇನ? ಆ ಡಬ್ಬಿ ಬ್ಯಾಡ, ನಿನ್ನ ಬಾಯಿಲೆ ಕೇಳು!"

"ಆತು... ಏನೂ ತಿಂದಿಲ್ಲೇನ್ರಿ?"

"ಇಲ್ಲ!"

ಹಿಂದೆ ನಿಂತಿದ್ದ ಗಿರಾಕಿಯನ್ನೂ ಕೇಳಿದಳು. "ಅಣ್ಣಾರ, ನೀವೂ ಏನೂ ತಿಂದಿಲ್ಲೇನ್ರಿ?"

"ಹೌದ್ರಿ."

ದಾನೇಶ್ವರಿ ಮಷಿನ್‌ನ ಹಸಿರು, ಕೆಂಪು ಗುಂಡಿಗಳನ್ನು ತಿರುಗಿ ನೋಡಿದಳು...

ಇಬ್ಬರೂ ಹಸಿದವರೇ. ಒಬ್ಬಳು "ಇಲ್ಲ, ತಿಂದಿಲ್ಲ" ಎಂದಳು. ಇನ್ನೊಬ್ಬ "ಹೌದು, ತಿಂದಿಲ್ಲ" ಎಂದ. ಕನ್ನಡದಲ್ಲಿ ಎರಡೂ ಸರಿ. ಆದರೆ ಮಷಿನ್‌ಗೆ "ಇಲ್ಲ" ಅಂದರೆ ತಿಂದವರು!

ಸುಳ್ಳು ಹೇಳಿದ್ದು ಜನರಲ್ಲ... ಪ್ರಶ್ನೆಯೇ ತಪ್ಪಿತ್ತು.

ಅಷ್ಟರಲ್ಲಿ ಫಕೀರವ್ವ ಗೋಡೆ ಹಿಡಿದು ಕುಸಿದಳು. ಸಕ್ಕರೆ ಕಾಯಿಲೆಯ ಜೀವ, ಎರಡನೇ ಬೆಳಗ್ಗೆ ಉಪವಾಸ. ಅವಳನ್ನು ಬೆಂಚಿನ ಮೇಲೆ ಕೂರಿಸಿ, "ಮೊದಲು ಇವರ ರಕ್ತ ತಗೊಳ್ರಿ" ಎಂದು ನರ್ಸ್‌ಗೆ ಕೂಗಿದಳು ದಾನೇಶ್ವರಿ. ಆಮೇಲೆ ಮಷಿನ್‌ನ ವೈರ್ ಕಿತ್ತಳು.

"ಏ! ಯಾರನ್ನ ಕೇಳಿ ಬಂದ್ ಮಾಡಿದಿ?" ಕೌಂಟರ್‌ನವನು ಚೀರಿದ.

"ಯಾರನ್ನೂ ಕೇಳಿಲ್ಲ. ತಪ್ಪು ನಂದು."

ಅವನು ಆ ಕ್ಷಣವೇ ಶ್ರೀಶೈಲರಿಗೆ ಫೋನ್ ಹಚ್ಚಿದ. ಇವಳು ಸಾಲಿನ ಉದ್ದಕ್ಕೂ ಒಬ್ಬೊಬ್ಬರನ್ನೇ ಕೇಳುತ್ತ, ಹಸಿದವರಿಗೆ ಕೈಯಾರೆ ಟೋಕನ್ ಬರೆದು ಕೊಡತೊಡಗಿದಳು.

"ಏನರ ತಿಂದೀರೇನ್ರಿ?"

"ಇಲ್ಲವಾ, ಚಾ ಅಷ್ಟ ಕುಡದೇನಿ."

ಚಹಾ ಕುಡಿದರೂ ರಕ್ತಪರೀಕ್ಷೆ ಕೆಡುತ್ತದೆ, ಆದರೆ ಚಹಾ ಕುಡಿದದ್ದು ಇಲ್ಲಿ ಯಾರ ಲೆಕ್ಕದಲ್ಲೂ ತಿಂದಂತೆ ಅಲ್ಲ! ಈ ಮಾತನ್ನು ಅವಳಿಗೆ ಯಾವ ಕ್ಲಾಸಿನಲ್ಲಿಯೂ ಯಾರೂ ಹೇಳಿರಲಿಲ್ಲ...

ಶ್ರೀಶೈಲ ಮುಖ ಕೆಂಪಗೆ ಮಾಡಿಕೊಂಡು ಬಂದರು. ಅವಳು ಎಲ್ಲವನ್ನೂ ಹೇಳಿದಳು. ಒಂದು ಮಾತನ್ನೂ ಬಿಡಲಿಲ್ಲ.

"ಪ್ರಶ್ನೆ ಬದಲಿ ಮಾಡೂಣ್ರಿ ಸರ್. ಹೌದು-ಇಲ್ಲ ಬ್ಯಾಡ. 'ತಿಂದಿದ್ದೇನೆ', 'ಚಹಾ ಕುಡಿದಿದ್ದೇನೆ', 'ಏನೂ ಇಲ್ಲ, ಖಾಲಿ ಹೊಟ್ಟೆ'... ಇಷ್ಟ ಗುಂಡಿ ಸಾಕು."

ಶ್ರೀಶೈಲ ಕಿತ್ತ ವೈರನ್ನು ಕೈಗೆತ್ತಿಕೊಂಡರು.

"ಬರೇ ಇಂಗ್ಲಿಷ್‌ನ್ಯಾಗ ಚೆಕ್ ಮಾಡಿ ಪಾಸ್ ಮಾಡಿದಾಂವ ನಾನು. ಎಲ್ಲಾ ನಿನ್ನ ತಲಿಗೆ ಕಟ್ಟಿ, ನಿನ್ನ ಬ್ಯಾಡ ಅಂತ ನಿನ್ನೆನ ಕಂಪನಿ ಸಾಹೇಬ್ರಿಗೆ ಹೇಳಿದ್ದೆ..."

ದಾನೇಶ್ವರಿ ತಲೆ ತಗ್ಗಿಸಿದಳು.

"ಇವತ್ತ ಫೋನ್ ಮಾಡಿ, ಇಟ್ಕೊಳ್ರಿ ಅಂತೀನಿ. ನಿನ್ನ ಕೋಡ್ ಚಲೋ ಐತಿ ಅಂತ ಅಲ್ಲ. ತಪ್ಪು ನಿಂದು ಅಂತ ಗೊತ್ತಾದ ಕೂಡಲೇ ವೈರ್ ಕಿತ್ತಿ ನೋಡು, ಅದಕ್ಕ."

ಅಷ್ಟು ಬೈಗುಳಕ್ಕೂ ಬಾರದ ಕಣ್ಣೀರು ಈಗ ತಡೆಯದೆ ಹರಿಯಿತು...

"ಅಳೂದೆಲ್ಲ ಆಮ್ಯಾಲ. ಮಂದಿ ಹಸದು ನಿಂತಾರ... ಮುಂದಿನವ್ರನ್ನ ಕೇಳು!" ಎನ್ನುತ್ತ ಅವರೂ ಸಾಲಿನ ಇನ್ನೊಂದು ತುದಿಗೆ ನಡೆದರು.

ಕಾಲೇಜು ಉತ್ತರ ಬರೆಯುವುದನ್ನು ಕಲಿಸುತ್ತದೆ... ಇಂಟರ್ನ್‌ಶಿಪ್ ನಮ್ಮ ತಪ್ಪಿನ ಎದುರಿಗೇ ನಮ್ಮನ್ನು ನಿಲ್ಲಿಸುತ್ತದೆ.

ನೀವು ಮಾಡಿದ ಕೆಲಸವನ್ನು ಬಳಸುವವರ ಪಕ್ಕದಲ್ಲಿ ನೀವು ಕೊನೆಯ ಸಲ ನಿಂತದ್ದು ಯಾವಾಗ?