ಅಧಿಕದ ನಿದ್ದೆ

ಗಿರಣಿಯಲ್ಲಿ ಎರಡು ವಾರಕ್ಕೊಮ್ಮೆ ಬಟವಾಡೆ. ಪಗಾರವಾಗಿ ಸಿಗುತ್ತಿದ್ದುದು ಸೀಸೆಯಲ್ಲಿ ತುಂಬಿದ ನಿದ್ದೆ. ಪಗಾರವಿಲ್ಲದವರಿಗೆ ನಿದ್ದೆಯೂ ಇಲ್ಲ. ದಿನದ ಪಾಲಿನ ನಿದ್ದೆ ದಣಿವಿಗೇ ಸಾಲುತ್ತಿರಲಿಲ್ಲ, ಕನಸಿಗೆಲ್ಲಿ ಉಳಿಯಬೇಕು. ಆದರೆ ವಾರಗಳ ಲೆಕ್ಕ ಹೊಂದದೆ ಕೆಲವು ವರ್ಷ ಒಂದು ಬಟವಾಡೆ ಹೆಚ್ಚಿಗೆ ಬರುತ್ತಿತ್ತು. ಜನ ಅದನ್ನು ಅಧಿಕವೆಂದು ಕರೆದು, ಅಧಿಕ ಮಾಸದ ಬಾಗಿನದಂತೆ ಅಳಿಯನಿಗೆ ಕೊಡುತ್ತಿದ್ದರು.

ಈ ಸಲದ ಅಧಿಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಳವ್ವ ಮಧ್ಯಾಹ್ನ ಅಳಿಯ ಫಕೀರಪ್ಪನ ಮನೆಗೆ ಹೋದಳು. ಮಗಳು ಶಾವಂತ್ರಿ ತೀರಿಕೊಂಡಂದಿನಿಂದ ಅವನು ಕೆಲಸ ಬಿಟ್ಟಿದ್ದ. ಕಣ್ಣು ಕೆಂಡವಾಗಿದ್ದವು.

“ಮಗಳೇ ಇಲ್ಲ, ಇನ್ನೆಲ್ಲಿ ಅಳಿಯ, ಅತ್ತಿ? ನೀವೇ ಕುಡೀರಿ. ಕನಸಿನ್ಯಾಗ ಬಂದಾಳು.”

ದಾರಿಯುದ್ದಕ್ಕೂ ಬಾಳವ್ವನ ಆಸೆಯೂ ಅದೇ ಆಗಿತ್ತು.

“ಸುಮ್ನ ಕುಡೀರಿ,” ಎಂದು ಸೀಸೆಯ ಬಿರಡೆ ತೆಗೆದುಕೊಟ್ಟಳು. “ಆಕಿ ಹೋದ್ರ ಅಳಿಯತನಾನೂ ಸುಡಗಾಡಿಗೆ ಹೋಗಾಂಗಿಲ್ಲ.”

ಅವನು ಕುಡಿದು ಜಮಖಾನೆಯ ಮೇಲೆ ಒರಗಿದ. ಸ್ವಲ್ಪ ಹೊತ್ತಿಗೆ ನಿದ್ದೆಯಲ್ಲೇ ಮುಗುಳ್ನಕ್ಕು, “ಯಾವಾಗ ಬಂದಿ? ನಿಮ್ಮವ್ವ ಇಲ್ಲೇ ಕುಂತಾಳ ನೋಡು,” ಎಂದ.

ಬಾಳವ್ವ ಸೆರಗು ಸರಿಮಾಡಿಕೊಂಡು, ಮಗಳಿಗೆ ಚೆನ್ನಾಗಿ ಕಾಣಲೆಂದು ಇನ್ನಷ್ಟು ಹತ್ತಿರ ಸರಿದು ಕೂತಳು.