ಮೂರನೆಯ ಮಂಚ

ಹೋಟೆಲುಗಳ ಚಿತ್ರ ನೋಡೀ ನೋಡೀ ಭಾವನ ಫೋನು ಬಿಸಿಯಾಗಿತ್ತು. ಬಾಲ್ಕನಿ ಇರುವುದನ್ನು ಅವರು ತೋರಿಸಿದರೆ, ಚಿಕ್ಕ ಮಗಳು ಕಂಬಿ ಹತ್ತುತ್ತಾಳೆಂದು ಅಕ್ಕ ಬೇಡವೆನ್ನುತ್ತಿದ್ದಳು. ಬಾಲ್ಕನಿ ಇಲ್ಲದ್ದಕ್ಕೆ ಭಾವ ಮೂಗು ಮುರಿಯುತ್ತಿದ್ದರು. ಸಮುದ್ರದ ತನಕ ಹೋಗಿ ಗೋಡೆ ನೋಡಿಕೊಂಡು ಬರುವುದೇ ಎಂಬುದು ಅವರ ವಾದ. ಮಗನಿಗೆ ಈಜುಕೊಳವೇ ಬೇಕಿತ್ತು.

“ಪಕ್ಕದಲ್ಲೇ ಸಮುದ್ರ ಇಟ್ಕೊಂಡು ಕೊಳ ಯಾಕೋ? ಮದುವೆ ಮನೆಗೆ ಬುತ್ತಿ ಕಟ್ಕೊಂಡು ಹೋದ ಹಾಗೆ,” ಎಂದರು ಭಾವ.

“ಸಮುದ್ರದಲ್ಲಿ ಮೀನು ಕಚ್ಚುತ್ತೆ.”

“ನಿನ್ನ ನೋಡಿದ್ರೆ ಮೀನೇ ಊರು ಬಿಡುತ್ತೆ, ಸುಮ್ನಿರು.”

ಕಿಟಕಿಯ ಪಕ್ಕದ ಹೊಲಿಗೆ ಯಂತ್ರದ ಮುಂದೆ ಚಿಕ್ಕಿ ಕುಳಿತಿದ್ದಳು. ಅವಳು ಅಕ್ಕನ ಬೆನ್ನಿಗೆ ಹುಟ್ಟಿದ ತಂಗಿ. ಮಕ್ಕಳು ಕರೆದ ಹೆಸರೇ ಈಗ ಮನೆಮಂದಿಗೆಲ್ಲ ರೂಢಿಯಾಗಿತ್ತು. ಅಂಗಿಯಂಗಡಿಯಿಂದ ತಂದ ಗುಂಡಿ-ಕಾಜಾ ಕೆಲಸವನ್ನು ಬದಿಗಿಟ್ಟು, ಮಕ್ಕಳ ಈಜುಚಡ್ಡಿಗಳಿಗೆ ಇಲಾಸ್ಟಿಕ್ ಹಾಕುತ್ತಿದ್ದಳು. ಸಮುದ್ರವನ್ನು ಅವಳು ಒಮ್ಮೆಯೂ ಕಂಡವಳಲ್ಲ. “ನೀನೂ ಬಾರೇ” ಎಂದು ಅಕ್ಕ ಮೊದಲು ಹೇಳಿದಾಗ ಕೇಳಿಸದವಳಂತೆ ಇದ್ದುಬಿಟ್ಟಿದ್ದಳು. ಇನ್ನೊಮ್ಮೆ ಹೇಳಲಿ ಎಂದು. ಇನ್ನೊಮ್ಮೆ ಹೇಳಿದ ಮೇಲೆ ತನಗೊಂದು ನೀಲಿ ಅಂಗಿ ಹೊಲಿದುಕೊಂಡಿದ್ದಳು.

ಅಳೆದೂ ಸುರಿದೂ ಕೊನೆಗೊಂದು ಹೋಟೆಲು ಎಲ್ಲರಿಗೂ ಒಪ್ಪಿಗೆಯಾಯಿತು. ನೆಲಮಹಡಿ, ಬಾಗಿಲು ತೆರೆದರೆ ಮರಳು, ಹತ್ತಲು ಕಂಬಿಯಿಲ್ಲ, ಮೊಣಕಾಲುದ್ದದ ಕೊಳವೂ ಉಂಟು. ಭಾವ ಫೋನು ಮಾಡಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ಕೇಳಿದ್ದರಲ್ಲಿ ಅರ್ಧ ನುಂಗಿ ಇನ್ನರ್ಧ ಹೇಳುವವರು ಅವರು ಎಂದು ಅಕ್ಕನ ಹಳೆಯ ದೂರು.

ಆ ಕಡೆಯ ಹೆಂಗಸು ಸಾವಧಾನವಾಗಿ ವಿವರಿಸಿದಳು. ಕೋಣೆಯಲ್ಲಿ ದೊಡ್ಡದೊಂದು ಮಂಚ, ಮಕ್ಕಳಿಗೆ ಇನ್ನೊಂದು. ದೊಡ್ಡವರು ಮತ್ತೊಬ್ಬರು ಇದ್ದರೆ ಮೂರನೆಯ ಮಂಚ ಹಾಕಿಸಬೇಕು, ಅದಕ್ಕೆ ಬೇರೆ ಬಾಡಿಗೆ. ಮಕ್ಕಳನ್ನು ನೋಡಿಕೊಳ್ಳುವ ಆಯಾ ಆದರೆ ಹಿಂಬದಿಯಲ್ಲಿ ಕೆಲಸದವರ ಕೋಣೆಯಿದೆ, ಅದಕ್ಕೆ ಏನೂ ಕೊಡಬೇಕಿಲ್ಲ.

ಭಾವ ಅಕ್ಕನ ಮುಖ ನೋಡಿದರು. ಅಕ್ಕ ಈಜುಚಡ್ಡಿಯೊಂದನ್ನು ಎತ್ತಿಕೊಂಡು ಇಲಾಸ್ಟಿಕ್ ಎಳೆದು ನೋಡತೊಡಗಿದಳು.

“ಆಯಾ ಅಂತಲೇ ಬರ್ಕೊಳ್ಳಿ,” ಎಂದರು ಭಾವ. “ಹೌದು, ಮನೆ ಕೆಲಸದವರು.”

ಕೂಡಲೇ ಫೋನನ್ನು ಅಂಗೈಯಿಂದ ಮುಚ್ಚಿ, ಇದು ಹೆಸರಿಗೆ ಮಾತ್ರ, ಅಲ್ಲಿ ನಮ್ಮನ್ನು ಯಾರು ಬಲ್ಲರು, ಹಗಲೆಲ್ಲ ಜೊತೆಗೇ ಇರುತ್ತೀಯಲ್ಲ ಎಂದು ಚಿಕ್ಕಿಗೆ ಪಿಸುಗುಟ್ಟಿದರು. ಕೆಟ್ಟ ಮನುಷ್ಯರಲ್ಲ. ಬಸ್ಸಿನಲ್ಲಿ ಮಗನ ವಯಸ್ಸನ್ನು ಇಳಿಸಿ ಹೇಳುವಾಗಲೂ ಅವರ ದನಿ ಹೀಗೆಯೇ ಇರುತ್ತಿತ್ತು.

ಚಿಕ್ಕಿ ಅಕ್ಕನ ಬಾಯನ್ನೇ ನೋಡುತ್ತ ಕಾದಳು.

“ಹೆಸರಿಗೆ ತಾನೆ, ಬಿಡೇ,” ಎಂದಳು ಅಕ್ಕ, ಚಡ್ಡಿಗೆ ಅಂಟಿದ ದಾರದ ಎಳೆಯೊಂದನ್ನು ಬಿಡಿಸುತ್ತ.

ಚಿಕ್ಕಿ ಹೊರಗಿನವರೊಡನೆ ಫೋನಿನಲ್ಲಿ ಮಾತಾಡಿದವಳೇ ಅಲ್ಲ. ಅಂಗಿಯಂಗಡಿಯವರು ಕರೆದರೂ ಅಕ್ಕನ ಕೈಗೆ ಕೊಟ್ಟುಬಿಡುತ್ತಿದ್ದಳು. ಈಗ ಎದ್ದು ಬಂದು, ಭಾವನ ಕೈ ಸರಿಯುವ ತನಕ ನಿಂತು, ಮೇಜಿನ ಮೇಲೆ ಬಗ್ಗಿದಳು.

“ಮೇಡಂ, ಆ ಹಿಂದಿನ ಕೋಣೆಯಿಂದ ಸಮುದ್ರ ಕಾಣುತ್ತಾ?”

“ಇಲ್ಲಮ್ಮ, ಅಡುಗೆಮನೆ ಗೋಡೆ ಅಡ್ಡ ಬರುತ್ತೆ. ಯಾರು ಮಾತಾಡ್ತಿರೋದು?”

“ಕೆಲಸದವಳು,” ಎಂದಳು ಚಿಕ್ಕಿ. “ನಾನು ಬರ್ತಾ ಇಲ್ಲ. ನನ್ನನ್ನ ತೆಗೆದುಬಿಡಿ.”

ಅವಳು ಹಿಂತಿರುಗಿ ಹೋಗಿ, ಉಳಿದ ಚಡ್ಡಿಯನ್ನು ಸೂಜಿಯ ಕೆಳಗಿಟ್ಟಳು. ಮಗ ಅಪ್ಪನ ಮುಖ ನೋಡಿದ. ರೀ, ಏನಾದರೂ ಹೇಳಿ ಎಂಬಂತೆ ಅಕ್ಕ ಗಂಡನ ಮೊಣಕೈ ತಿವಿದಳು. ಆ ಕಡೆ ಕಂಪ್ಯೂಟರಿನ ಕೀಲಿಗಳನ್ನು ಒತ್ತುವ ಸದ್ದು ಕೇಳಿಸಿತು.

“ಆಯ್ತು ಸಾರ್, ಕೆಲಸದವರನ್ನ ತೆಗೆದೆ,” ಎಂದಳು ಹೆಂಗಸು. “ಈಗ ಹೇಳಿ, ಮನೆಯವರು ಒಟ್ಟು ಎಷ್ಟು ಜನ?”