ಅವೈಜ್ಞಾನಿಕ ಹಂಪ್

"ಸ್ವಲ್ಪ ಆ ಕಡೆ ಹೋಗಮ್ಮ, ಕಲ್ಲು ಸಿಡಿಯುತ್ತೆ," ಎಂದಳು ಪುರಸಭೆಯ ಎಂಜಿನಿಯರ್ ಮಾಲಿನಿ. ಚಿಕ್ಕಮಾರಮ್ಮ ಹೋಗಲಿಲ್ಲ. ಸೌತೆಕಾಯಿ ಮಂಕರಿಯನ್ನು ಸೊಂಟಕ್ಕೆ ಒತ್ತಿಕೊಂಡು ಹಂಪಿನ ಮೇಲೆಯೇ ನಿಂತಳು. ಎದುರಿಗೆ ಜೆಸಿಬಿ ಗುರುಗುಟ್ಟುತ್ತಿತ್ತು.

"ಈ ಹಂಪ್ ನಿಂಗೇನ್ ಮಾಡಿತ್ತವ್ವಾ?"

"ಇದು ಅವೈಜ್ಞಾನಿಕ ಹಂಪ್. ಮುಂಚೆ ಬೋರ್ಡಿಲ್ಲ, ಮೇಲೆ ಬಿಳಿ ಪಟ್ಟೆ ಇಲ್ಲ, ಅಳತೆಯಂತೂ ದೇವರಿಗೇ ಪ್ರೀತಿ. ರೂಲ್ಸ್ ಪ್ರಕಾರ ತೆಗೀಲೇಬೇಕು."

"ಪಟ್ಟೆ ತಾನೆ? ಮನೇಲಿ ಸುಣ್ಣ ಐತೆ. ಈಗ್ಲೇ ಬಳೀತೀನಿ."

"ರಸ್ತೆ ಮೇಲೆ ನೀವ್‌ನೀವೇ ಗುರುತು ಹಾಕೋ ಹಂಗಿಲ್ಲಮ್ಮ. ಅದೂ ರೂಲ್ಸೇ."

ಕುಣಿಗಲ್ಲಿನ ಅಂಚಿನಲ್ಲಿದ್ದ ಆ ಹಂಪನ್ನು ತಾವೇ ಹಾಕಿದ್ದೆಂದು ಯಾರೂ ಒಪ್ಪಿಕೊಳ್ಳುತ್ತಿರಲಿಲ್ಲ. ಅಲ್ಲಿ ಬಸ್‌ಸ್ಟಾಪೂ ಇಲ್ಲ. ಆದರೆ ಹುಲಿಯೂರುದುರ್ಗದ ಬಸ್ಸು ಅಲ್ಲಿಗೆ ಬಂದರೆ ತೆವಳಲೇಬೇಕಿತ್ತು. ಅಷ್ಟರಲ್ಲಿ ಚಿಕ್ಕಮಾರಮ್ಮ ಕಿಟಕಿ ಕಿಟಕಿಗೂ ಕೈಚಾಚಿ, ಉಪ್ಪುಖಾರ ಸವರಿದ ಸೌತೆಕಾಯಿ ಮಾರಿಬಿಡುತ್ತಿದ್ದಳು. ಅವಳ ಅಂಗಡಿ, ಬಾಡಿಗೆ, ಬೋರ್ಡು ಎಲ್ಲ ಆ ಹಂಪೇ. ಮಾಲಿನಿಗೆ ಪಾಪ ಅನಿಸಿತು. ಆದರೂ ಅವಳನ್ನು ಕೈಹಿಡಿದು ಪಕ್ಕಕ್ಕೆ ಸರಿಸಿ, ಶುರುಮಾಡು ಎಂದು ಜೆಸಿಬಿಯವನಿಗೆ ಕೈ ಆಡಿಸಿದಳು.

ಹಂಪು ಹೋಯಿತು, ಡಾಂಬರು ಬಿತ್ತು, ರಸ್ತೆ ಸಪಾಟಾಯಿತು. ಮೊದಲು ಬಂದ ಲಾರಿ ರೊಯ್ಯನೆ ಹೋಯಿತು. ಹಿಂದೆಯೇ ಎರಡು ಕಾರು. ಎದ್ದ ಧೂಳೆಲ್ಲ ಮಂಕರಿಯ ಮೇಲೆ ಕೂತಿತು.

"ನೋಡ್ದಾ? ಇನ್ ನಾನು ಗಾಳಿಗೆ ಮಾರ್ಲಾ?" ಚಿಕ್ಕಮಾರಮ್ಮ ಸೆರಗಿನಿಂದ ಸೌತೆಕಾಯಿಯ ಧೂಳು ಒರೆಸಿದಳು. ಮಾಲಿನಿ ಮೊಬೈಲಿನಲ್ಲಿ ಏನನ್ನೋ ಹುಡುಕುವವಳಂತೆ ತಲೆ ತಗ್ಗಿಸಿದಳು.

ಅಷ್ಟರಲ್ಲಿ ಹುಲಿಯೂರುದುರ್ಗದ ಬಸ್ಸು ಬಂತು. ಬಂದದ್ದೇ ಗೇರಿಳಿಸಿ, ನರಳಿ, ಬ್ರೇಕು ಒತ್ತಿ, ಸಪಾಟು ರಸ್ತೆಯ ಮೇಲೆ ತೆವಳತೊಡಗಿತು. ಒಳಗಿದ್ದವರೆಲ್ಲ ಕಂಬಿ ಹಿಡಿದು ಸೀಟಿನಿಂದ ಅರ್ಧ ಎದ್ದರು. ಬಸ್ಸು ಕುಪ್ಪಳಿಸಲಿಲ್ಲ. ಎದ್ದವರು ಮುಖ ಮುಖ ನೋಡಿಕೊಂಡು ಗೊಳ್ಳನೆ ನಕ್ಕರು.

ಡ್ರೈವರ್ ಬೆಟ್ಟಸ್ವಾಮಿ ಕಿಟಕಿಯಿಂದ ತಲೆ ಹೊರಹಾಕಿದ. "ಹಂಪ್ ಎಲ್ ಹೋಯ್ತಮ್ಮೋ?"

"ಮೇಡಮ್ನೋರು ಕಿತ್ತಾಕ್ಸುದ್ರು ಕಣಪ್ಪ." ಬಾಯಿ ಹೀಗೆನ್ನುತ್ತಿದ್ದರೂ ಅವಳ ಕೈ ಸುಮ್ಮನಿರಲಿಲ್ಲ. ಅರ್ಧ ಮಂಕರಿ ಆಗಲೇ ಕಿಟಕಿಗಳೊಳಗೆ ಹೋಗಿತ್ತು.

"ರೋಡ್ ಕ್ಲಿಯರ್ ಇದೆ, ಹೊರಡ್ರೀ," ಎಂದಳು ಮಾಲಿನಿ, ನಗು ತಡೆದುಕೊಂಡು.

ಚಿಕ್ಕಮಾರಮ್ಮ ಓಡಿಬಂದು ಬೆಟ್ಟಸ್ವಾಮಿಯ ಕಿಟಕಿ ಹಿಡಿದಳು. "ಇವತ್ತೇನೋ ಹಳೇ ರೂಢೀಲಿ ಮರ್ತು ಬ್ರೇಕ್ ಒತ್ಬುಟ್ಟೆ. ನಾಳೆ ಏನಪ್ಪಾ ನನ್ ಗತಿ?"

ಬೆಟ್ಟಸ್ವಾಮಿ ಸಪಾಟು ರಸ್ತೆಯನ್ನು ನೋಡಿದ, ಮಾಲಿನಿಯನ್ನು ನೋಡಿದ, ಗೇರು ಹಾಕಿದ.

"ನಾಳೇನೂ ಮರೀತೀನಿ ಬುಡಮ್ಮ."